ಇಪ್ಪತ್ತೆರಡು ಎತ್ತು, ಸಾಯದ ಮುದುಕರು

ಕಳೆದ ಚಳಿಗಾಲದಲ್ಲಿ, ನಮ್ಮಲ್ಲಿ ಅದು ಮೇ ತಿಂಗಳಿಗೆ ಶುರು, ನನ್ನ ಗಂಡ ಮೊದಿರಿಗೆ ಊರಿನವರ ಆರೋಗ್ಯ ಕಂಡರೆ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದವನೇ ಮುಖಕ್ಕೆ ನೀರೂ ಹಾಕದೆ ರೇಡಿಯೊ ಕಿವಿ ತಿರುಪಿ, ಸತ್ತವರ ಹೆಸರು ಓದುವ ಹೊತ್ತಿಗಾಗಿ ಕಾಯುತ್ತಿದ್ದ. ನಮ್ಮಲ್ಲಿ ಅದನ್ನು ಎಲ್ಲರೂ ಕೇಳುತ್ತಾರೆ. ನೆಂಟರಿಷ್ಟರು ಯಾರಾದರೂ ಹೋದರೇನೋ ಎಂದು ಎದೆ ಹಿಡಿದುಕೊಂಡು ಕೇಳುತ್ತಾರೆ. ಇವನು ಪೆನ್ಸಿಲ್ ಹಿಡಿದುಕೊಂಡು ಕೇಳುತ್ತಿದ್ದ. ಪಾಲಾಪ್ಯೆ ಪಟ್ಟಣದಿಂದ ಆಚೆಯ ಹೆಸರು ಬಂದರೆ ಮುಖ ಸಿಂಡರಿಸುತ್ತಿದ್ದ. ನಮ್ಮ ಗುಡ್ಡದ ಸುತ್ತಿನ ಹೆಸರು ಬಂದರೆ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಸಿಕೊಳ್ಳುತ್ತಿದ್ದ.

ಅವನು ಕೆಟ್ಟವನಲ್ಲ. ದಡ್ಡ, ಅಷ್ಟೆ. ದನದ ರೋಗ ತಡೆಯುವ ಬೇಲಿಯ ಗೇಟಿನಲ್ಲಿ ಮೂವತ್ತು ವರ್ಷ ನಿಂತು, ಬಂದ ಲಾರಿಗಳ ಕಾಗದ ನೋಡಿ, ಇಳಿದವರ ಚಪ್ಪಲಿಯನ್ನು ಔಷಧಿ ನೀರಿನಲ್ಲಿ ಅದ್ದಿಸಿ ನಿವೃತ್ತನಾದ. ಅಷ್ಟು ವರ್ಷ ಬೇರೆಯವರ ದನ ಎಣಿಸಿದ ಮೇಲೆ ತಾನೂ ದನದ ಪಂಡಿತ ಎಂದು ಅವನಿಗೆ ಅನ್ನಿಸಿತು. ನನ್ನ ಅಪ್ಪನ ಜಾಗದಲ್ಲಿ, ನನ್ನ ಅಪ್ಪನ ಬೋರ್‌ವೆಲ್ ಪಕ್ಕದಲ್ಲಿ ಒಂದು ದೊಡ್ಡಿ ಕಟ್ಟಿದ. ಬಯಲಲ್ಲಿ ಮೇಯುವ ಬಡಕಲು ಹೋರಿಗಳನ್ನು ತಂದು ಬೀಜ ಒಡೆಸಿ, ಗೋದಲಿಯಲ್ಲೇ ಬೂಸಾ ತಿನ್ನಿಸಿ, ನಾಲ್ಕು ತಿಂಗಳಲ್ಲಿ ಕೊಬ್ಬಿಸಿ ದೊಡ್ಡ ಕಸಾಯಿಖಾನೆಗೆ ಮಾರುವುದು ಅವನ ಲೆಕ್ಕಾಚಾರ. ಮೊದಲ ಸಲ ಲಾಭವೇ ಬಂತು. ಲಾಭ ಬಂದದ್ದೇ ತೊಂದರೆಗೆ ಮೂಲ. ಎರಡನೇ ಸಲ ಇಪ್ಪತ್ತೆರಡು ಎತ್ತು ಕಟ್ಟಿಕೊಂಡ.

ಆಗ ಗಡಿಯಾಚೆ ಎಲ್ಲೋ ಕಾಲುಬಾಯಿ ರೋಗ ಬಂತು. ರೋಗ ನಮ್ಮ ಕಡೆ ಬರಲಿಲ್ಲ, ಆದರೆ ಬೆಲೆ ನಮ್ಮ ಕಡೆ ಬಿದ್ದು ಸತ್ತಿತು. ಹೊರದೇಶದವರು ಮಾಂಸ ಬೇಡ ಎಂದರು, ಕಸಾಯಿಖಾನೆ ಬಾಗಿಲು ಹಾಕಿತು, ಬೂಸಾದ ಬೆಲೆ ಮಾತ್ರ ಗುಡ್ಡ ಹತ್ತಿ ಕೂತಿತು. ಎತ್ತುಗಳಿಗೆ ಇದು ಯಾವುದೂ ತಿಳಿಯದು. ಅವು ಹೊತ್ತು ಹೊತ್ತಿಗೆ ಗೋದಲಿಗೆ ಮುಖ ಹಾಕಿ ನಿಲ್ಲುತ್ತಿದ್ದವು. ಇದರ ಮೇಲೆ ಹಲ್ಲಿನ ಕಾಟ ಬೇರೆ. ಹಾಲುಹಲ್ಲಿನ ಎತ್ತಿಗೆ ಒಳ್ಳೆಯ ಬೆಲೆ. ವಯಸ್ಸಾಗಿ ಎರಡು ಗಟ್ಟಿ ಹಲ್ಲು ಮೂಡಿದರೆ ಕಡಿಮೆ, ನಾಲ್ಕಕ್ಕೆ ಇನ್ನೂ ಕಡಿಮೆ, ಎಂಟು ತುಂಬಿ ಬಾಯಿಗೂಡಿದರೆ ಕೇಳುವವರೇ ಇಲ್ಲ. ಮೊದಿರಿ ದಿನಾ ಬೆಳಿಗ್ಗೆ ಇಪ್ಪತ್ತೆರಡು ಬಾಯಿಗಳ ತುಟಿ ಎತ್ತಿ ಎತ್ತಿ ನೋಡುತ್ತಿದ್ದ. ಹೆಂಡತಿಯ ಬಾಯಿಯನ್ನು ಮೂವತ್ತೈದು ವರ್ಷದಲ್ಲಿ ಅಷ್ಟು ಕಾಳಜಿಯಿಂದ ನೋಡಿದವನಲ್ಲ.

ಊರಿನಲ್ಲಿ ಕಡಿದು ಬಂದವರಿಗೆಲ್ಲ ಉಣಿಸಲು ಎತ್ತು ಬೇಕಾಗುವುದು ಎರಡಕ್ಕೆ, ಮದುವೆಗೆ ಮತ್ತು ಸಾವಿಗೆ. ಬೆಲೆ ಬಿದ್ದ ವರ್ಷ ಮದುವೆಗಳನ್ನು ಮುಂದಕ್ಕೆ ಹಾಕಬಹುದು. ಸಾವನ್ನು ಹಾಕಲಾಗುವುದಿಲ್ಲ. ಹಾಗಾಗಿ ಮೊದಿರಿಗೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿತು. ಯಾರ ಮನೆಯಲ್ಲಿ ಸತ್ತರೂ, ಆಸ್ಪತ್ರೆಯ ಶೀತಕೋಣೆಯಲ್ಲಿಟ್ಟ ಹೆಣ ಶನಿವಾರ ಮಣ್ಣಾಗುವವರೆಗೆ, ವಾರವಿಡೀ ಸಂಜೆಯ ಪ್ರಾರ್ಥನೆಗೆ ಹೋಗಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದ. ಹಾಡು ಮುಗಿದ ಮೇಲೆ ಮನೆಯ ಹಿರಿಯನ ಕೈ ಹಿಡಿದು, ಕಣ್ಣು ಒರೆಸಿಕೊಂಡು, ಎತ್ತಿನ ಏರ್ಪಾಡು ಏನಾಯಿತು ಎಂದು ವಿಚಾರಿಸುತ್ತಿದ್ದ. ಯಾರೂ ಅವನಿಂದ ಕೊಳ್ಳಲಿಲ್ಲ. ಯಾಕೆಂದರೆ ನಮ್ಮ ಗುಡ್ಡದ ಕಡೆ ಸಾವಿನ ಎತ್ತು ಸತ್ತವನ ಹಟ್ಟಿಯಿಂದಲೇ ಬರಬೇಕು. ಸತ್ತ ಮೇಲೆ ಕೊಂಡು ತಂದರೆ, ಬದುಕಿದ್ದಾಗ ಇವನ ಹತ್ತಿರ ಒಂದು ಎತ್ತೂ ಇರಲಿಲ್ಲ ಎಂದು ಸಾರಿದ ಹಾಗೆ. ಹೆಣದ ಮಾನ ಹೋಗುತ್ತದೆ. ಈ ಮಾತು ಹುಟ್ಟಿದ ಮಗುವಿಗೂ ಗೊತ್ತು, ನನ್ನ ಗಂಡನಿಗೆ ಮಾತ್ರ ಆಸೆಯಲ್ಲಿ ಮರೆತುಹೋಗಿತ್ತು.

ಒಂದು ದಿನ ಊಟಕ್ಕೆ ಕೂತಾಗ ಮಗಳು ವಾಮೆಯನ್ನೇ ಕೇಳಿದ. ಅವಳು ಊರಿನ ಆಸ್ಪತ್ರೆಯಲ್ಲಿ ನರ್ಸು.

"ಮಗಳೇ, ಈ ವಾರ ನಿಮ್ಮಲ್ಲಿ ಯಾರಾದ್ರೂ ಏಳಲಾರದ ಹಾಗೆ ಮಲಗಿದಾರಾ?"

"ಯಾರೂ ಇಲ್ಲ ಅಪ್ಪಾ. ನೀವು ಹೀಗೇ ಕೇಳ್ತಾ ಇದ್ರೆ ನಿಮ್ಮನ್ನೇ ಮಲಗಿಸಿಕೊಳ್ತೀನಿ," ಎಂದು ವಾಮೆ ಜೋಳದ ಮುದ್ದೆಯನ್ನು ಅವನ ತಟ್ಟೆಗೆ ಕುಕ್ಕಿದಳು.

ಮೂರು ವಾರದ ಮೇವು ಉಳಿದಿತ್ತು. ಬಯಲಿಗೆ ಬಿಡೋಣವೆಂದರೆ ಗೋದಲಿಗೆ ಒಗ್ಗಿದ ಎತ್ತುಗಳಿಗೆ ಹುಲ್ಲು ಹುಡುಕಿ ಮೇಯುವುದೇ ಮರೆತಿತ್ತು. ಒಂದನ್ನು ಬಿಟ್ಟು ನೋಡಿದೆವು. ಅದು ಗೇಟಿನ ಹೊರಗೆ ನಿಂತು, ಬೂಸಾ ಎಲ್ಲಿ ಎಂಬಂತೆ ಒಳಗೆ ನೋಡುತ್ತಾ ಸಂಜೆಯವರೆಗೆ ಕೂಗಿತು. ಆಗ ಬಾಶಿ ಬಂದ. ಬಾಶಿ ದನದ ವ್ಯಾಪಾರಿ, ಎರಡು ಲಾರಿ ಇವೆ, ಹೊಟ್ಟೆ ಮೂರನೆಯದು. ಎತ್ತು ಅವನಿಗೆ ಬೇಡವಾಗಿತ್ತು. ಬೋರ್‌ವೆಲ್ ಬೇಕಾಗಿತ್ತು.

ಆ ಬೋರ್‌ವೆಲ್ ಬಗ್ಗೆ ಹೇಳಿಬಿಡುತ್ತೇನೆ. ಅಪ್ಪ ಮೊದಲ ಮೂರು ಕಡೆ ಕೊರೆಸಿದಾಗ ಬರೀ ಧೂಳು ಬಂತು. ಊರೆಲ್ಲ ನಕ್ಕಿತು, ಅಮ್ಮ ಮಾತು ಬಿಟ್ಟಳು. ನಾಲ್ಕನೆಯದರಲ್ಲಿ ನೀರು ಚಿಮ್ಮಿದಾಗ ಅಪ್ಪ ಬಟ್ಟೆ ಸಮೇತ ಅದರ ಕೆಳಗೆ ನಿಂತಿದ್ದ. ಆ ನೀರು ಸ್ವಲ್ಪ ಉಪ್ಪು. ಅದನ್ನು ಇವತ್ತಿಗೂ ಊರಿನವರು 'ನಾಲ್ಕನೆಯದು' ಎಂದೇ ಕರೆಯುತ್ತಾರೆ. ಕಾಗದ ನನ್ನ ಹೆಸರಿನಲ್ಲಿದೆ. ಅದನ್ನು ಮಾರಿದರೆ ಮುಂದಿನ ಮಳೆಯವರೆಗೆ ಮೇವಿಗೆ ಚಿಂತೆಯಿಲ್ಲ ಎಂದು ಮೊದಿರಿ ಹಗಲೂ ಇರುಳೂ ಗೋಗರೆದ. ಎತ್ತು ಕುಡಿಯುವ ನೀರು ಮಾರಿ ಎತ್ತಿಗೆ ಮೇವು ತರುವ ಬುದ್ಧಿ ಯಾವ ಗೇಟಿನಲ್ಲಿ ಕಲಿತೆ ಎಂದು ನಾನು ಕೇಳಿದೆ. ಆದರೆ ಹಸಿದ ಎತ್ತಿನ ಕೂಗು ಕೇಳುತ್ತಾ ಎಷ್ಟು ದಿನ ಗಟ್ಟಿಯಾಗಿರುತ್ತೇನೆ ಎಂದು ನನಗೇ ಭಯವಾಗಿತ್ತು.

ಹೀಗಿರುವಾಗ ಮಾರುಪಿಂಗಜ್ಜ ಬಂದ. ಎಂಬತ್ತನಾಲ್ಕು ವರ್ಷ, ಬಾಯಲ್ಲಿ ಒಂದೂ ಹಲ್ಲಿಲ್ಲ, ಪ್ರಾಯದಲ್ಲಿ ಗಡಿಯಾಚೆಯ ಚಿನ್ನದ ಗಣಿಯಲ್ಲಿ ದುಡಿದು ತಂದದ್ದು ಒಂದು ಕೆಮ್ಮು ಮಾತ್ರ. ಕೋಲೂರಿಕೊಂಡು ದೊಡ್ಡಿಯನ್ನು ಒಂದು ಸುತ್ತು ಹಾಕಿ, ಒಂದು ಕಪ್ಪು ಬಿಳುಪಿನ ಎತ್ತಿನ ಮುಂದೆ ನಿಂತ.

"ಇದನ್ನ ನಾನು ತಗೋತೀನಿ," ಅಂದ. "ಬೆಲೆ ಬಿದ್ದಿದೆ ಅಂತ ಕೇಳಿದೆ. ಸಾವಿನ ಎತ್ತು ಸತ್ತ ಮೇಲೆ ಕೊಂಡ್ರೆ ತಾನೆ ಅವಮಾನ? ಬದುಕಿದ್ದಾಗಲೇ ಕೊಂಡ್ರೆ ಅದು ನನ್ನ ಹಟ್ಟೀದೇ."

ಅಷ್ಟು ಸುಲಭದ ದಾರಿ ತನಗೆ ಹೊಳೆಯಲಿಲ್ಲವಲ್ಲ ಎಂಬ ಸಂಕಟ ಮೊದಿರಿಯ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಅಜ್ಜನ ಕರಾರು ಸರಳವಾಗಿತ್ತು. ಅರ್ಧ ಹಣ ಈಗ, ಅರ್ಧ ಅವನು ಹೋದ ದಿನ. ಅಲ್ಲಿಯವರೆಗೆ ಎತ್ತು ನಮ್ಮ ದೊಡ್ಡಿಯಲ್ಲೇ ಇರಬೇಕು, ಬಡವಾಗಬಾರದು. ಮೇವಿಗೆ ಹಣ ಕೊಡುವುದಿಲ್ಲ, ತನ್ನ ಹೊಲದ ಜೋಳದ ದಂಟು, ಅವರೆ ಹೊಟ್ಟು, ಕಲ್ಲಂಗಡಿ ಕತ್ತೆ ಗಾಡಿಯಲ್ಲಿ ಕಳಿಸುತ್ತಾನೆ. ಎತ್ತಿಗೆ ಡಿರ್ಕ್ ಎಂದು ಹೆಸರಿಟ್ಟ. ಡಿರ್ಕ್ ಗಣಿಯಲ್ಲಿ ಅವನನ್ನು ಬೂಟುಗಾಲಿನಿಂದ ಒದೆಯುತ್ತಿದ್ದ ಮೇಸ್ತ್ರಿ. ಅವನನ್ನು ಒಂದು ದಿನ ಊರೆಲ್ಲ ಸೇರಿ ತಿನ್ನಬೇಕು ಎಂಬುದು ಅಜ್ಜನ ಐವತ್ತು ವರ್ಷದ ಹಂಬಲ.

ಸುದ್ದಿ ಹರಡಲು ಒಂದು ವಾರ ಸಾಕಾಯಿತು. ಅರವತ್ತೈದು ದಾಟಿದವರೆಲ್ಲ ನಮ್ಮ ಗೇಟಿಗೆ ಬಂದರು. ಮೊಸೆಲಜ್ಜಿ ಬಂದಾಗ, ಹೆಂಗಸು ಸತ್ತರೆ ಹಸು ತಾನೇ ಕಡಿಯುವುದು ಎಂದು ಮೊದಿರಿ ನಿಯಮ ಹೇಳಲು ಹೋದ. ಬದುಕಿಡೀ ಗಂಡಸರು ಬಿಟ್ಟ ಎಲುಬು ಚೀಪಿದ್ದೇನೆ, ಸತ್ತಾಗಲಾದರೂ ನನ್ನ ಹೆಸರಲ್ಲಿ ಎತ್ತು ಬೀಳಲಿ ಎಂದು ಅವಳು ಅಲ್ಲಿದ್ದ ದೊಡ್ಡ ಕೆಂಪು ಎತ್ತಿನ ಕೊಂಬಿಗೆ ತನ್ನ ತಲೆಯ ಬಟ್ಟೆ ಬಿಚ್ಚಿ ಕಟ್ಟಿ ಹೋದಳು. ಹದಿನೈದು ದಿನದಲ್ಲಿ ಇಪ್ಪತ್ತೆರಡು ಎತ್ತಿಗೂ ಒಡೆಯರಾದರು. ಮೇವು ಗಾಡಿ ಗಾಡಿ ಬಂತು. ಬಾಶಿಯ ಲಾರಿ ಗೇಟಿನ ಮುಂದೆ ನಿಧಾನ ಮಾಡಿ, ನಿಲ್ಲದೆ ಹೋಯಿತು. ಆ ಸಂಜೆ ನಾನು ಅಪ್ಪನ ಬೋರ್‌ವೆಲ್ ಕೆಳಗೆ ಬಟ್ಟೆ ಸಮೇತ ನಿಲ್ಲದಿದ್ದರೂ ಮುಖ ಕಾಲು ತೊಳೆದುಕೊಂಡೆ.

ತೊಂದರೆ ಏನೆಂದರೆ, ಆಮೇಲೆ ಯಾರೂ ಸಾಯಲಿಲ್ಲ.

ದಿನಾ ಸಂಜೆ ಮುದುಕರೆಲ್ಲ ತಮ್ಮ ತಮ್ಮ ಎತ್ತು ನೋಡಲು ನಡೆದು ಬರುತ್ತಿದ್ದರು. ಊರಿನಿಂದ ದೊಡ್ಡಿಗೆ ಒಂದೂವರೆ ಮೈಲಿ, ಹೋಗಿ ಬಂದರೆ ಮೂರು. ಮಾರುಪಿಂಗಜ್ಜ ಬಣ್ಣ ಬಳಿದು ಖಾಲಿಯಾದ ಒಂದು ಡಬ್ಬ ಬೋರಲು ಹಾಕಿ ಅದರ ಮೇಲೆ ಕೂತು, ಡಿರ್ಕ್‌ನ ಕಿವಿಯ ಹಿಂದೆ ಕೆರೆಯುತ್ತಾ, ತಿನ್ನು ಮಗನೇ ತಿನ್ನು ಎನ್ನುತ್ತಿದ್ದ. ಮೇಸ್ತ್ರಿಯ ಮೇಲಿನ ಸಿಟ್ಟು ಯಾವಾಗ ಪ್ರೀತಿಯಾಯಿತೋ ನಾನು ನೋಡಲಿಲ್ಲ. ನಿನ್ನ ಎತ್ತು ಕೊಬ್ಬಿದೆ, ಇನ್ನು ನೀನು ಹೊರಡಬಹುದು ಎಂದು ಮೊಸೆಲಜ್ಜಿ ಅವನನ್ನು ಕೆಣಕುವಳು. ನಿನ್ನದು ಇನ್ನೂ ಬಡಕಲು, ನಿನಗೆ ಇನ್ನೂ ಹತ್ತು ವರ್ಷ ಈ ಊರಿನ ಕರ್ಮ ಎಂದು ಅವನು ಹೇಳುವನು. ಆಸ್ಪತ್ರೆಯಲ್ಲಿ ಇವರೆಲ್ಲರ ರಕ್ತದೊತ್ತಡ ಇಳಿದಿದೆ ಎಂದು ವಾಮೆ ಖುಷಿಯಿಂದ ಹೇಳಿದ ದಿನ ಮೊದಿರಿ ಊಟ ಬಿಟ್ಟು ಎದ್ದ. ಅವನ ಅರ್ಧ ಹಣವೆಲ್ಲ ಆ ಇಪ್ಪತ್ತೆರಡು ಮುದಿ ಎದೆಗಳೊಳಗೆ ಸಿಕ್ಕಿಕೊಂಡು ಗಟ್ಟಿಮುಟ್ಟಾಗಿ ಬಡಿದುಕೊಳ್ಳುತ್ತಿತ್ತು. ಕೈಯಲ್ಲಿದ್ದದ್ದು ಪಂಪಿನ ಡೀಸೆಲ್ಲಿಗೂ ಉಪ್ಪಿನ ಗಡ್ಡೆಗೂ ಕರಗಿತು.

ಅಕ್ಟೋಬರಿನ ಬೇಸಿಗೆಯ ಹೊತ್ತಿಗೆ ಹೊಲಗಳಲ್ಲಿ ದಂಟು ಮುಗಿಯಿತು. ಬಿಸಿಲಿಗೆ ಹುಲ್ಲೆಲ್ಲ ಸುಟ್ಟು ಕತ್ತೆಗಳೂ ಕಾಗದ ತಿನ್ನುತ್ತಿದ್ದವು. ಮುದುಕರು ಬರಿಗೈಯಲ್ಲಿ ಬಂದು ನಾಚಿಕೆಯಿಂದ ನಿಲ್ಲತೊಡಗಿದರು. ಎತ್ತುಗಳ ಪಕ್ಕೆಲುಬು ಕಾಣುವುದಕ್ಕೆ ಇನ್ನು ಒಂದು ವಾರ ಎಂದು ನನಗೂ ಗೊತ್ತಾಯಿತು. ಬಾಶಿ ಮತ್ತೆ ಬಂದ. ಈ ಸಲ ನಾನು ಸಹಿ ಹಾಕುತ್ತೇನೆ ಎಂದೆ. ಹೇಳಿದ ಮೇಲೆ ಒಳಗೆ ಹೋಗಿ ಅತ್ತೆ.

ಮಂಗಳವಾರ ಬೆಳಿಗ್ಗೆ ಅಂಗಳದ ಮರದ ಕೆಳಗೆ ಮೇಜು ಹಾಕಿ, ಬಾಶಿ ಕಾಗದ ಬಿಚ್ಚಿ, ನನ್ನ ಕೈಗೆ ಪೆನ್ನು ಕೊಟ್ಟ. ಆಗ ವಾಮೆ ಸಮವಸ್ತ್ರದಲ್ಲೇ ಬಿರಬಿರನೆ ನಡೆದು ಬಂದಳು.

"ಅಪ್ಪಾ, ಮಾರುಪಿಂಗಜ್ಜ ಹೋದ್ರು. ನಿದ್ದೆಯಲ್ಲೇ."

ನಾನು ಗಂಡನ ಮುಖ ನೋಡಿದೆ. ಐದು ತಿಂಗಳಿಂದ ಇದಕ್ಕೇ ಕಾದವನು. ಒಂದು ಕ್ಷಣ ಅವನ ಕಣ್ಣು ಹೊಳೆದದ್ದು ನಿಜ, ಅವನ ಪರವಾಗಿ ನಾನು ಸುಳ್ಳು ಹೇಳುವುದಿಲ್ಲ. ಆಮೇಲೆ ಮುಖ ಕುಸಿಯಿತು. ಎದ್ದು ಟೋಪಿ ತೆಗೆದ, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ದೊಡ್ಡಿಗೆ ಹೋಗಿ, ಅಜ್ಜನ ಬಣ್ಣದ ಡಬ್ಬ ಬಿಸಿಲಲ್ಲಿ ಕಾಯುತ್ತಿದ್ದದ್ದನ್ನು ಎತ್ತಿ ನೆರಳಿಗೆ ಇಟ್ಟ. ಅಜ್ಜ ಮಣ್ಣಾಗುವ ಮೊದಲು ಸಹಿ ಬೇಡ, ಸೋಮವಾರ ಬಾ ಎಂದು ನಾನು ಬಾಶಿಗೆ ಪೆನ್ನು ವಾಪಸು ಕೊಟ್ಟೆ.

ಅವನು ಸೋಮವಾರದವರೆಗೆ ಕಾಯಲಿಲ್ಲ. ಮಾರನೇ ದಿನವೇ ಅಜ್ಜನ ತಂಗಿಯ ಮಗ ಟಿರೊನನ್ನು ಲಾರಿಯಲ್ಲಿ ಕೂರಿಸಿಕೊಂಡು ಬಂದ. ಹಿಂದೆ ಒಂದು ಮುದಿ ಬಡಕಲು ಎತ್ತು ನಿಂತಿತ್ತು. ರಾಜಧಾನಿಯಲ್ಲಿ ದೊಡ್ಡವರೊಬ್ಬರ ಮದುವೆಯಂತೆ, ಮೆರೆಸಲಿಕ್ಕೆ ಡಿರ್ಕ್‌ನಂಥ ಎತ್ತೇ ಬೇಕಂತೆ, ಹೇಳಿದಷ್ಟು ಕೊಡುತ್ತಾರಂತೆ. ಡಿರ್ಕ್‌ನನ್ನು ಕೊಟ್ಟರೆ ಸಾವಿಗೆ ಈ ಬಡಕಲು ಸಾಕು, ಹೆಚ್ಚಿನ ಹಣ ಟಿರೊಗೆ. ನಮಗೆ ಅರವತ್ತು ಮೂಟೆ ಬೂಸಾ, ಮಳೆಯವರೆಗೆ ಧಾರಾಳ. ಬೋರ್‌ವೆಲ್ ಮಾರಾಟದ ಕಾಗದವನ್ನು ಬಾಶಿ ಅಲ್ಲೇ ಹರಿದು ಹಾಕುತ್ತಾನೆ.

"ಸತ್ತೋರಿಗೆ ಕೊಬ್ಬೇನು, ಬಡಕಲೇನು ಅತ್ತೆ?" ಅಂದ ಟಿರೊ.

ನನಗೆ ಆಸೆಯಾಯಿತು. ಅಪ್ಪನ ನಾಲ್ಕನೆಯದು ನನ್ನ ಬೆನ್ನ ಹಿಂದೆ ಗುಟುಗುಟು ಎನ್ನುತ್ತಿತ್ತು. ಅದು ಉಳಿಯಬೇಕಾದರೆ ಒಂದು ಗೇಟು ತೆಗೆದರೆ ಸಾಕು. ಮೋಸ ಹೋಗುವವನು ಒಬ್ಬನೇ, ಅವನು ಬಂದು ಕೇಳುವುದಿಲ್ಲ. ಆದರೆ ಐದು ತಿಂಗಳು ಅವನು ಆ ಎತ್ತಿನ ಕಿವಿಯ ಹಿಂದೆ ಕೆರೆದದ್ದನ್ನು ನೋಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಮೊದಿರಿ ಬಂದು ಗೇಟಿಗೆ ಬೆನ್ನು ಕೊಟ್ಟು ನಿಂತ.

"ಕಾಗದ ತೋರಿಸು," ಅಂದ.

"ಯಾವ ಕಾಗದ ಮಾವ?" ಅಂದ ಬಾಶಿ.

"ಮಾರುಪಿಂಗಜ್ಜ ಈ ಎತ್ತನ್ನ ನಿನಗೆ ಕೊಟ್ಟೆ ಅಂತ ಬರೆದ ಕಾಗದ. ಮೂವತ್ತು ವರ್ಷ ಗೇಟು ಕಾದಿದೀನಿ. ಕಾಗದ ಇಲ್ದೆ ಒಂದು ಬಾಲ ಆಚೆ ಹೋಗಿಲ್ಲ. ಡಿರ್ಕ್ ಹೊರಗೆ ಬರೋದು ಶುಕ್ರವಾರ, ಅಜ್ಜನ ಮನೆಗೆ."

ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮನುಷ್ಯನನ್ನು ಅಷ್ಟು ಇಷ್ಟಪಟ್ಟ ಗಳಿಗೆ ಇನ್ನೊಂದಿಲ್ಲ. ಲಾರಿ ಹೋದ ಮೇಲೆ ಅವನು ಕೂತು, ಅರವತ್ತು ಮೂಟೆ, ಅರವತ್ತು ಮೂಟೆ ಎಂದು ಹಣೆ ಬಡಿದುಕೊಂಡ. ಬೈಯದೆ ಚಹಾ ಮಾಡಿಕೊಟ್ಟೆ, ಸಕ್ಕರೆ ಹೆಚ್ಚೇ ಹಾಕಿದೆ.

ಶುಕ್ರವಾರ ಡಿರ್ಕ್ ಅಜ್ಜನ ಮನೆಗೆ ಹೋದ. ಗಂಡಸರು ಎಂದಿನಂತೆ ಮೂರುಕಾಲಿನ ಹಂಡೆಗಳಲ್ಲಿ ನೀರು, ಉಪ್ಪು, ಮಾಂಸ ಹಾಕಿ ಬೆಂಕಿ ಇಟ್ಟರು. ನಮ್ಮ ಸಾವಿನ ಮನೆಯ ಸೆಸ್ವಾ ಎಂದರೆ ರಾತ್ರಿಯಿಡೀ ಬೇಯಿಸಿ, ಬೆಳಿಗ್ಗೆ ಒನಕೆಯಂಥ ಕೋಲಿನಿಂದ ಕುಟ್ಟಿ ಕುಟ್ಟಿ ಎಳೆ ಬಿಡಿಸಿದ ಮಾಂಸ. ಬಯಲಲ್ಲಿ ಅಲೆದ ಎತ್ತುಗಳದ್ದು ಕುಟ್ಟಿದರೂ ಹಗ್ಗವೇ. ಹಲ್ಲಿಲ್ಲದವರು ಸಾರು ಕುಡಿದು ಮನೆಗೆ ಹೋಗುವುದು ರೂಢಿ. ಇವರು ಗೋದಲಿಯ ಎತ್ತನ್ನು ಎಂದೂ ಬೇಯಿಸಿದವರಲ್ಲ. ಹಳೆಯ ಲೆಕ್ಕದಲ್ಲೇ ಸೌದೆ ಒಟ್ಟಿದರು. ಶನಿವಾರ ಬೆಳಕು ಹರಿಯುವಾಗ ಮುಚ್ಚಳ ತೆಗೆದರೆ ಡಿರ್ಕ್ ತಾನಾಗಿಯೇ ಬಿಚ್ಚಿಕೊಂಡು ಬೆಣ್ಣೆಯಾಗಿದ್ದ. ಕುಟ್ಟಲು ತೋಳು ಮಡಿಸಿ ನಿಂತ ನಾಲ್ವರಿಗೆ ಕೆಲಸವೇ ಇರಲಿಲ್ಲ. ಹಂಡೆ ಕೆಡಿಸಿದಿರಿ ಎಂದು ಒಬ್ಬರನ್ನೊಬ್ಬರು ಬೈದುಕೊಂಡರು.

ಅಜ್ಜನನ್ನು ಮಣ್ಣು ಮಾಡಿ ಬಂದು, ಕೈ ತೊಳೆದು, ತಟ್ಟೆ ಹಿಡಿದು ಸಾಲಾಗಿ ನಿಂತೆವು. ಆರು ಊರಿನ ಜನ ಸೇರಿದ್ದರು. ಮೊಸೆಲಜ್ಜಿ ಅಭ್ಯಾಸದಂತೆ ಸಾರಿಗೆ ಲೋಟ ಚಾಚಿದಳು. ಬಡಿಸುವವನು ಅವಳ ಕೈಗೆ ತಟ್ಟೆ ಇಟ್ಟು ಮಾಂಸ ಹಾಕಿದ. ಅವಳು ಅವನನ್ನು ಕೆಕ್ಕರಿಸಿ ನೋಡಿ, ಒಂದು ಎಳೆ ಬಾಯಿಗಿಟ್ಟುಕೊಂಡಳು. ಒಸಡು ಎರಡು ಸಲ ಆಡಿತು. ನುಂಗಿದಳು.

"ಹದಿನಾಲ್ಕು ವರ್ಷ ಆಯ್ತು, ಸಾವಿನ ಮನೇಲಿ ಮಾಂಸ ತಿಂದು," ಅಂದಳು. ಆಮೇಲೆ ಗೋರಿಯ ಕಡೆ ತಿರುಗಿ, "ಮಾರುಪಿಂಗ್, ನಿನ್ನ ಮೇಸ್ತ್ರಿ ಚೆನ್ನಾಗಿದಾನೆ ಕಣೋ."

ಸಾವಿನ ಮನೆ ನಕ್ಕಿತು. ನಾನು ನಗುತ್ತಾ ಅತ್ತೆ. ಸುತ್ತ ನೋಡಿದರೆ ಬೊಚ್ಚುಬಾಯಿಯವರೆಲ್ಲ ಗೋಡೆಯ ನೆರಳಲ್ಲಿ ಸಾಲಾಗಿ ಕೂತು, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಬಾಶಿಯೂ ಬಂದಿದ್ದ, ಮೂಲೆಯಲ್ಲಿ ಎರಡನೇ ತಟ್ಟೆ ಮುಗಿಸುತ್ತಿದ್ದ.

ಭಾನುವಾರ ಚರ್ಚು ಬಿಟ್ಟ ಮೇಲೆ ಕತ್ತೆ ಗಾಡಿಗಳು ಬರಲಾರಂಭಿಸಿದವು. ಆರು ಊರುಗಳಿಂದ ಬಂದವು. ಒಂದರಲ್ಲಿ ಬೂಸಾ ಮೂಟೆ, ಒಂದರಲ್ಲಿ ಕಳೆದ ವರ್ಷದ ಒಣ ದಂಟು, ಇನ್ನೊಂದರಲ್ಲಿ ಮನೆಯ ಮಾಡಿನಿಂದಲೇ ಕಿತ್ತ ಹುಲ್ಲು. ಎಲ್ಲರಿಗೂ ಡಿರ್ಕ್‌ನಂಥದ್ದು ಬೇಕು. ಎಲ್ಲ ಎತ್ತಿಗೂ ಒಡೆಯರಿದ್ದಾರೆ ಎಂದರೆ, ಮುಂದಿನ ತಂಡಕ್ಕೆ ಹೆಸರು ಬರೆದುಕೊಳ್ಳಿ, ಅಲ್ಲಿಯವರೆಗೆ ಇರುವವುಗಳು ಈ ಮೇವು ತಿನ್ನಲಿ ಎಂದರು. ಹೊರದೇಶದವರು ಬೇಡವೆಂದ ಮಾಂಸಕ್ಕೆ ನಮ್ಮ ಗುಡ್ಡದ ಹಲ್ಲಿಲ್ಲದವರು ಸಾಲು ನಿಂತರು. ಈ ಗಿರಾಕಿಗಳಿಗೆ ಎತ್ತಿನ ಬಾಯಲ್ಲಿ ಎಷ್ಟು ಹಲ್ಲಿದ್ದರೂ ಒಂದೇ.

ಸೋಮವಾರ ಬಾಶಿ ಕಾಗದ ಹಿಡಿದು ಬಂದ. ಅಂಗಳದ ಗಾಡಿಗಳನ್ನು ನೋಡಿದ, ಮೂಟೆಗಳನ್ನು ನೋಡಿದ. ನಾನು ಸಹಿ ಹಾಕುವುದಿಲ್ಲ ಎಂದು ಹೇಳಿದೆ. ಅವನು ಕಾಗದ ಮಡಚಿ ಕಿಸೆಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಚಪ್ಪಲಿಯಿಂದ ಮಣ್ಣು ಕೆರೆದು, ತನ್ನ ತಾಯಿಗೂ ಹಲ್ಲಿಲ್ಲ, ಒಂದು ಎತ್ತು ಸಿಕ್ಕೀತೇ ಎಂದು ಕೇಳಿದ. ಪಟ್ಟಿಯಲ್ಲಿ ಮೂವತ್ತೊಂದನೆಯ ಹೆಸರಾಗಿ ಬರೆದುಕೊಂಡೆವು.

ಅವನು ಹೋದ ಮೇಲೆ ಮೊದಿರಿ ನನ್ನನ್ನು ದೊಡ್ಡಿಯ ಹಿಂಬದಿಗೆ ಕರೆದ. ಅಲ್ಲಿ ಎರಡು ಹೋರಿಕರುಗಳು ಕಟ್ಟಿದ್ದವು, ಒಂದು ದೊಡ್ಡದು, ಒಂದು ತೀರಾ ಚಿಕ್ಕದು. ಅಜ್ಜನ ಉಳಿದ ಅರ್ಧ ಹಣದಲ್ಲಿ ಕೊಂಡಿದ್ದನಂತೆ. ಇಪ್ಪತ್ತೆರಡು ಎತ್ತು ಸಾಕಿದವರ ಹಟ್ಟಿಯಲ್ಲಿ ನಮ್ಮ ಸಾವಿಗೆ ಒಂದು ಎತ್ತಿಲ್ಲವಲ್ಲ ಎಂದು ಗೋರಿಯ ಹತ್ತಿರ ನಿಂತಾಗ ಅವನಿಗೆ ನೆನಪಾಯಿತಂತೆ. ದೊಡ್ಡದರ ತುಟಿ ಎತ್ತಿ ತೋರಿಸಿದ, ಎರಡು ಹಲ್ಲು ಮೂಡಿದ್ದವು.

"ಇದು ನಂದು," ಅಂದ. ಆಮೇಲೆ ಚಿಕ್ಕದರ ಪಕ್ಕ ಮಂಡಿಯೂರಿ, ಅದರ ತುಟಿಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿದ. "ಇದು ನಿಂದು, ವಾಮೆಯ ಅಮ್ಮಾ. ನೋಡು, ಎಲ್ಲಾ ಹಾಲುಹಲ್ಲು, ಏನೂ ಅವಸರ ಇಲ್ಲ."

ನಾನು ಅವನ ಬೆನ್ನಿಗೆ ಒಂದು ಗುದ್ದಿ, ಅಜ್ಜನ ಡಬ್ಬ ಎಳೆದುಕೊಂಡು ಅಲ್ಲೇ ಕೂತೆ.